ಮಳೆಗಾಲದ ಕುದುರೆ ಮತ್ತು ನಮ್ಮ ಪರಿಹಾರದ ಲೆಕ್ಕ

ತುಳುನಾಡಿನಲ್ಲಿ ಆಟಿಯ ತಿಂಗಳು ಬಂತೆಂದರೆ ಹಳಬರಿಗೆ ಕಳೆಂಜನ ನೆನಪಾಗುತ್ತದೆ. ತೆಂಗಿನ ಎಳೆಗರಿಯ ಉಡುಗೆ ತೊಟ್ಟು, ತಾಳೆಗರಿಯ ಕೊಡೆ ಹಿಡಿದು, ತೆಂಬರೆಯ ಸದ್ದಿಗೆ ಹೆಜ್ಜೆ ಹಾಕುತ್ತ ಮನೆಯಿಂದ ಮನೆಗೆ ಬರುವ ಆಟಿ ಕಳೆಂಜನು ಊರಿಗೆ ತಗುಲಿದ ಮಾರಿಯನ್ನು ಕಳೆಯುತ್ತಾನೆಂದು ಜನರ ನಂಬಿಕೆ. ಮಳೆ ಬಿಡದೆ ಸುರಿಯುವ, ಕಣಜ ಬರಿದಾಗುವ, ರೋಗರುಜಿನಗಳು ತಲೆಯೆತ್ತುವ ಆ ದಿನಗಳಲ್ಲಿ ಆತನು ಮನೆಯವರನ್ನು ಮಾತ್ರ ಹರಸಿ ಹೋಗುವುದಿಲ್ಲ. ಹಟ್ಟಿಯ ದನಕರುಗಳನ್ನೂ ಗದ್ದೆಯ ಬೆಳೆಯನ್ನೂ ಹರಸುತ್ತಾನೆ. ವಿಪತ್ತು ಎಂಬುದು ಮನುಷ್ಯನೊಬ್ಬನ ಪಾಲಿಗೆ ಬರತಕ್ಕದ್ದಲ್ಲ, ಅವನ ಆಶ್ರಯದಲ್ಲಿರುವ ಸಮಸ್ತ ಜೀವಗಳ ಪಾಲಿಗೂ ಒಟ್ಟಾಗಿ ಬರತಕ್ಕದ್ದು ಎಂಬ ತಿಳಿವಳಿಕೆ ನಮ್ಮ ಹಿರಿಯರಿಗಿತ್ತು. ಇಂದಿನ ನಮ್ಮ ವಿಪತ್ತು ನಿರ್ವಹಣೆಯ ಪುಸ್ತಕಗಳಲ್ಲಿ ಆ ತಿಳಿವಳಿಕೆ ಎಷ್ಟರಮಟ್ಟಿಗೆ ಉಳಿದುಬಂದಿದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ವಿಚಾರ ನನ್ನ ತಲೆಗೆ ಬಂದುದು ಒಂದು ಆಟಿಯ ಸಂಜೆ. ಮಂಗಳೂರಿನ ಪೂರ್ವಭಾಗದ ಶಕ್ತಿನಗರದ ಏರಿನಲ್ಲಿ, ಬಾಗಿಲು ಹಾಕಿದ ಅಂಗಡಿಯೊಂದರ ಮಾಡಿನ ಕೆಳಗೆ ಒಂದು ಕುದುರೆ ನಿಂತಿತ್ತು. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಬೆನ್ನಿನ ಮೇಲೆ ರೋಮ ಹಕ್ಕಳೆಹಕ್ಕಳೆಯಾಗಿ ಎದ್ದುಹೋಗಿತ್ತು. ಮುಂಗಾಲೊಂದನ್ನು ಪೂರ್ತಿ ಊರಲಾರದೆ ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಂತಿತ್ತು. ಮಳೆಗೆ ನಿಂತಿದ್ದ ನಾಲ್ಕು ಜನರಲ್ಲಿ ಒಬ್ಬರು ಅದು ಕಡಲತೀರದಲ್ಲಿ ಮಕ್ಕಳನ್ನು ಕೂರಿಸಿ ತಿರುಗಿಸುವ ಕುದುರೆಯೆಂದರು. ಇನ್ನೊಬ್ಬರು ಅಲ್ಲ, ಮದುವೆಯ ಮೆರವಣಿಗೆಯದೆಂದರು. ಯಾರದೆಂದು ಮಾತ್ರ ಯಾರೂ ಹೇಳಲಾರದೆ ಹೋದರು. ಒಂದು ಕಚೇರಿಗೆ ಫೋನು ಮಾಡಿದರೆ, “ದನವಾಗಿದ್ದರೆ ಬರಬಹುದಿತ್ತು, ಕುದುರೆಯ ವಿಷಯ ನಮಗೆ ಸೇರಿದ್ದಲ್ಲ” ಎಂದು ಉತ್ತರ ಬಂತು. ಉತ್ತರ ಕೊಟ್ಟವರು ಕಠಿಣ ಹೃದಯದವರೆಂದು ನನಗೆ ತೋರಲಿಲ್ಲ. ಅವರ ಕೈಯಲ್ಲಿದ್ದ ಪುಸ್ತಕದಲ್ಲಿ ಕುದುರೆಗೆ ಹಾಳೆಯಿರಲಿಲ್ಲ, ಅಷ್ಟೆ. ಮರುದಿನ ಬೆಳಿಗ್ಗೆ ಹೋಗಿ ನೋಡಿದಾಗ ಮಾಡಿನ ಕೆಳಗೆ ಒಂದಿಷ್ಟು ಲದ್ದಿಯ ಹೊರತು ಬೇರೇನೂ ಇರಲಿಲ್ಲ.

ಶಕ್ತಿನಗರವೆಂದೊಡನೆ ಮಂಗಳೂರಿನವರಿಗೆ ಪ್ರಾಣಿಗಳ ನೆನಪಾಗುವುದು ಸಹಜ. ಗಾಯಗೊಂಡ, ಬಿಟ್ಟುಬಿಡಲ್ಪಟ್ಟ, ಮುದಿಯಾದ ಜೀವಗಳನ್ನು ಸಾಕುವ ಅನಿಮಲ್ ಕೇರ್ ಟ್ರಸ್ಟಿನ ಆಶ್ರಯತಾಣ ಇರುವುದು ಇಲ್ಲಿಯೇ. ನಾಯಿ, ಬೆಕ್ಕು, ದನಗಳಿಗಾಗಿ ಜನ ಅತ್ತ ಮುಖಮಾಡುತ್ತಾರೆ. ಇಂಥ ಸಂಸ್ಥೆಗಳು ಮಂಗಳೂರಿನಲ್ಲಿ ಮಾತ್ರವೇ ಇಲ್ಲ. ಬೆಂಗಳೂರಿನಲ್ಲಿ 1991ರಿಂದ ಕ್ಯೂಪಾ ಸಂಸ್ಥೆಯು ಕೆಲಸ ಮಾಡುತ್ತಿದೆ. ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್ ಇದೆ. ಕನ್ನಡದ ಮಾತು ಇಂದಿಗೂ ಕೇಳಿಬರುವ ನೀಲಗಿರಿಯ ಮಸಿನಗುಡಿಯ ಬಳಿ, ಮಾವಿನಹಳ್ಳದಲ್ಲಿ, ಕುದುರೆ ಕತ್ತೆಗಳನ್ನೂ ಸಾಕುವ ಆಶ್ರಯಧಾಮವೊಂದಿದೆ. ಬಿಸಿಲುಗಾಲದಲ್ಲಿ ಇಂಥ ಸ್ಥಳವನ್ನು ನಡೆಸುವುದೇ ಕಷ್ಟದ ಕೆಲಸ. ಮಳೆಗಾಲದಲ್ಲಿ, ಅದರಲ್ಲಿಯೂ ಈಚಿನ ವರ್ಷಗಳ ಮಳೆಗಾಲದಲ್ಲಿ, ಅದರ ಸ್ವರೂಪವೇ ಬೇರೆಯಾಗುತ್ತದೆ.

ಮಳೆಯ ಹೊಸ ನಡತೆ

ಕರಾವಳಿಗೆ ಮಳೆ ಹೊಸದಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೆ ಮಿಕ್ಕಿ ಸುರಿಯುವ ಮಳೆಯನ್ನು ಹೀರಿಕೊಂಡು, ಹರಿಯಬಿಟ್ಟು ಬದುಕುವ ವಿದ್ಯೆಯನ್ನು ಈ ನಾಡು ಕಲಿತಿತ್ತು. ಹೊಸದಾಗಿರುವುದು ಅದು ಸುರಿಯುವ ರೀತಿ. 2018ರ ಮೇ 29ರಂದು ಮಂಗಳೂರು ನಗರ ಒಂದೇ ಹಗಲಿನಲ್ಲಿ ಮುಳುಗಿದುದನ್ನು ವಾಚಕರು ಮರೆತಿರಲಾರರು. ಅದೇ ವರ್ಷದ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದವು. 2019ರ ಆಗಸ್ಟ್ 23ರಂದು ಶಕ್ತಿನಗರಕ್ಕೆ ನೆರೆಯಾದ ಕುಲಶೇಖರ ಮತ್ತು ಪಡೀಲುಗಳ ನಡುವೆ ಗುಡ್ಡ ಕುಸಿದು ರೈಲುಹಾದಿ ಮುಚ್ಚಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ಉಳ್ಳಾಲ, ಸೋಮೇಶ್ವರಗಳ ತೀರವನ್ನು ಕೊರೆಯಿತು. 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿತ್ತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳವನ್ನು ಮುಟ್ಟಿತು. ತಿಂಗಳು ಮುಗಿಯುವ ಮೊದಲೇ ಮಂಗಳೂರಿನ ತೆಂಕಣ ಮಂಜನಾಡಿಯಲ್ಲಿ ಗುಡ್ಡ ಜರಿದು ಜೀವಹಾನಿಯಾಯಿತು.

ಈ ಪಟ್ಟಿಯನ್ನು ಕೊಟ್ಟುದು ಭಯ ಹುಟ್ಟಿಸುವುದಕ್ಕಲ್ಲ. ಅದರಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮೊದಲು ಮಳೆಗಾಲಕ್ಕೆ ಒಂದು ಹೊಸ್ತಿಲಿತ್ತು: ಪತ್ತನಾಜೆ ಕಳೆದು, ಹುಲ್ಲು ಸೌದೆಗಳು ಒಳಸೇರಿ, ಮಾಡಿನ ಹೊದಿಕೆ ಮುಗಿದ ಮೇಲೆ ಮಳೆ ಬರುತ್ತಿತ್ತು. ಈಗ ಸಿದ್ಧತೆ ಮುಗಿಯುವ ಮುನ್ನವೇ ಮಳೆ ಬಂದು, ಕೆಲವು ಗಂಟೆಗಳಲ್ಲಿ ಒಂದು ವಾರದ ನೀರನ್ನು ಸುರಿದು ಹೋಗುವುದುಂಟು. ಮುರಕಲ್ಲಿನ ಗುಡ್ಡವನ್ನು ಕಡಿದು ಮಾಡಿದ ಮಟ್ಟಗಳ ಮೇಲೆ ನಿಂತಿರುವ ನಮ್ಮ ಬಡಾವಣೆಗಳಿಗೆ ಇದು ಅಪಾಯ. ನೂರಾರು ಮೂಕಜೀವಗಳನ್ನು ಕಟ್ಟಿಹಾಕಿಕೊಂಡು ಕೂತಿರುವ ಆಶ್ರಯತಾಣಕ್ಕೆ ಇನ್ನೂ ಹೆಚ್ಚಿನ ಅಪಾಯ. ಏಕೆಂದರೆ ಮನೆಯವರು ಮಗುವನ್ನೆತ್ತಿಕೊಂಡು ಹೊರಗೋಡಬಹುದು, ಆಶ್ರಯತಾಣದವರು ಯಾವುದನ್ನೆಂದು ಎತ್ತಿಕೊಂಡಾರು?

ಕುದುರೆಗೂ ಕರಾವಳಿಗೂ ಇರುವ ನಂಟು

ಉಳಿದ ಪ್ರಾಣಿಗಳನ್ನು ಬಿಟ್ಟು ಕುದುರೆಯನ್ನೇ ಆರಿಸಿಕೊಂಡುದೇಕೆಂದು ಕೇಳಬಹುದು. ಕುದುರೆಯು ಈ ತೀರಕ್ಕೆ ಬಂದ ಅತಿಥಿಯೇ ಹೊರತು ಇಲ್ಲಿಯ ಮನೆಮಗನಲ್ಲ. ವಿಜಯನಗರದ ಕಾಲದಲ್ಲಿ ಅರಬ್ ಮತ್ತು ಪಾರಸಿ ನಾಡುಗಳ ಕುದುರೆಗಳು ಮಂಗಳೂರು, ಭಟ್ಕಳ, ಹೊನ್ನಾವರಗಳ ಬಂದರುಗಳಲ್ಲಿ ಇಳಿಯುತ್ತಿದ್ದವು. ಆದರೆ ಅವು ಇಲ್ಲಿ ನಿಲ್ಲದೆ ಘಟ್ಟ ಹತ್ತಿ ಒಣನಾಡಿಗೆ ಹೋಗುತ್ತಿದ್ದವು. ಟಿಪ್ಪು ಸುಲ್ತಾನನು ಕುದುರೆ ಸಾಕುವುದಕ್ಕೆ ಆರಿಸಿಕೊಂಡುದು ಕುಣಿಗಲಿನ ಬಯಲನ್ನು, ಕರಾವಳಿಯ ಕೆಸರನ್ನಲ್ಲ. ಹದಿಮೂರನೆಯ ಶತಮಾನದಲ್ಲಿ ದಕ್ಷಿಣ ಭಾರತವನ್ನು ಕಂಡ ಮಾರ್ಕೊ ಪೋಲೊ, ಇಲ್ಲಿಯ ರಾಜರು ವರ್ಷವರ್ಷವೂ ಸಾವಿರಾರು ಕುದುರೆಗಳನ್ನು ಹಡಗುಗಳಿಂದ ಕೊಳ್ಳುತ್ತಿದ್ದರೆಂದೂ, ಆರೈಕೆ ತಿಳಿಯದೆ ಅವು ಬೇಗ ಸಾಯುತ್ತಿದ್ದವೆಂದೂ, ವ್ಯಾಪಾರ ನಿಲ್ಲಬಾರದೆಂದು ವರ್ತಕರು ಕುದುರೆಯ ಚಿಕಿತ್ಸೆ ಬಲ್ಲವರನ್ನು ಇತ್ತ ಬರಗೊಡುತ್ತಿರಲಿಲ್ಲವೆಂದೂ ಬರೆದಿದ್ದಾನೆ. ಕೊಳ್ಳುವುದಕ್ಕೆ ಹಣವಿತ್ತು, ಸಾಕುವುದಕ್ಕೆ ಅರಿವಿರಲಿಲ್ಲ ಎಂಬುದು ಅದರ ತಾತ್ಪರ್ಯ. ಆ ಮಾತು ಇಡೀ ದಕ್ಷಿಣಕ್ಕೆ ಸಲ್ಲುವುದೆಂದು ಹೇಳಲಾಗದು. ಹನ್ನೆರಡನೆಯ ಶತಮಾನದಲ್ಲಿಯೇ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದಿದ್ದನು, ಸುಮಾರು 1400ರ ವೇಳೆಗೆ ಅಭಿನವಚಂದ್ರನು ‘ಅಶ್ವವೈದ್ಯ’ವನ್ನು ರಚಿಸಿದನು. ನಮ್ಮ ಭಾಷೆಗೆ ಕುದುರೆಯ ರೋಗಗಳು ತಿಳಿದಿದ್ದವು.

ಇಂದು ಕುದುರೆಯ ಸಂಖ್ಯೆಯೇ ಕುಗ್ಗುತ್ತಿದೆ. 2019ರ ಜಾನುವಾರು ಗಣತಿಯಲ್ಲಿ ದೇಶದ ಕುದುರೆ ಮತ್ತು ತಟ್ಟುಗಳು ಒಟ್ಟು 3.4 ಲಕ್ಷ, 2012ಕ್ಕೆ ಹೋಲಿಸಿದರೆ ಶೇಕಡಾ 45ಕ್ಕೂ ಮಿಕ್ಕಿ ಇಳಿತ. ಕತ್ತೆಗಳು ಶೇಕಡಾ 61ರಷ್ಟು ಇಳಿದವು. ಇದರ ಅರ್ಥ ಸ್ಪಷ್ಟ. ಕುದುರೆಯಿಂದ ಬದುಕುವ ವೃತ್ತಿಗಳು ಮುಚ್ಚುತ್ತಿವೆ. ಉಳಿದಿರುವ ಕುದುರೆಗಳು ಸಂತೋಷಕ್ಕೂ ಮೆರವಣಿಗೆಗೂ ಉಳಿದಿವೆ. ಮೈಸೂರಿನ ಟಾಂಗಾಕ್ಕೆ ಪ್ರವಾಸಿ ಬೇಕು; ಕಡಲತೀರದ ಕುದುರೆಗೆ ರಜೆಯ ದಿನ ಬೇಕು. ಮಳೆಗಾಲದಲ್ಲಿ ಎರಡೂ ಇಲ್ಲ. 2021ರಲ್ಲಿ ಸೋಂಕಿನ ನಿರ್ಬಂಧವೂ ಚಂಡಮಾರುತವೂ ಒಂದೇ ತಿಂಗಳಲ್ಲಿ ಬಂದುವು. ದಿನದ ಸಂಪಾದನೆಯಿಂದ ದಿನದ ಹುಲ್ಲನ್ನು ಕೊಳ್ಳುವ ಮನುಷ್ಯನಿಗೆ ಇಂಥ ಕಾಲದಲ್ಲಿ ಕುದುರೆಯು ಸಂಪಾದಿಸುವ ಸಂಗಾತಿಯಾಗಿ ಉಳಿಯದೆ, ತನ್ನ ಮಕ್ಕಳ ತಟ್ಟೆಗೆ ಪಾಲುಗಾರನಾಗುತ್ತದೆ. ಆತ ಅದನ್ನು ಬೀದಿಗೆ ಬಿಟ್ಟರೆ ಅದು ಅಪರಾಧವೇ. ಪ್ರಾಣಿಹಿಂಸೆ ತಡೆಯುವ 1960ರ ಕಾಯಿದೆ ಹಾಗೆ ಹೇಳುತ್ತದೆ. ಆದರೆ ಆ ಕಾಯಿದೆ ಮೊದಲ ತಪ್ಪಿಗೆ ಗೊತ್ತುಮಾಡಿದ ದಂಡ ಹತ್ತರಿಂದ ಐವತ್ತು ರೂಪಾಯಿ. ಒಂದು ಹೊತ್ತಿನ ಹುಲ್ಲಿಗೂ ಸಾಲದ ಈ ದಂಡ ಯಾರನ್ನು ತಡೆದೀತು?

ಹಗ್ಗ ಹಾಕಿ ಎಳೆದ ಮೇಲೆ

ಪ್ರಾಣಿರಕ್ಷಣೆಯೆಂದರೆ ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಒಂದೇ: ಎದೆಮಟ್ಟದ ನೀರು, ಹಗ್ಗ, ನಾಲ್ಕು ಜನ ಎಳೆಯುವುದು, ದಡಕ್ಕೆ ಬಂದ ಪ್ರಾಣಿ, ಚಪ್ಪಾಳೆ. ಪತ್ರಿಕೆಗಳು ಅಲ್ಲಿಗೆ ನಿಲ್ಲಿಸುತ್ತವೆ. ನಿಜವಾದ ಕೆಲಸ ಆರಂಭವಾಗುವುದು ಮರುದಿನ.

ನೀರಿನಲ್ಲಿ, ಕೆಸರಿನಲ್ಲಿ ದಿನಗಟ್ಟಲೆ ನಿಂತ ಕುದುರೆಯ ಗೊರಸು ಮೆತ್ತಗಾಗುತ್ತದೆ. ಅಂಗಾಲಿನ ಸಂದಿಯಲ್ಲಿ ಕೊಳೆ ಹುಟ್ಟಿ ದುರ್ವಾಸನೆ ಬರುತ್ತದೆ. ದಿನವೂ ಕಾಲೆತ್ತಿ, ಕೆರೆದು, ತೊಳೆದು, ಒಣಗಿಸಿ, ಒಣನೆಲದ ಮೇಲೆ ನಿಲ್ಲಿಸಿದರೆ ಮಾತ್ರ ಅದು ವಾಸಿಯಾದೀತು. ಎಡೆಬಿಡದೆ ನೆನೆದ ಚರ್ಮದಲ್ಲಿ ಸೂಕ್ಷ್ಮಜೀವಿಗಳು ನೆಲೆಸಿ ಬೆನ್ನಿನ ಮೇಲೆ ಹಕ್ಕಳೆ ಕಟ್ಟುತ್ತದೆ, ರೋಮ ಗುಂಪುಗುಂಪಾಗಿ ಕಿತ್ತುಬರುತ್ತದೆ. ತಗಡು, ಮುಳ್ಳುತಂತಿಗಳಿಂದಾದ ಸಣ್ಣ ಗಾಯವೂ ಧನುರ್ವಾಯುವಿಗೆ ದಾರಿ. ಸಾಕುಪ್ರಾಣಿಗಳಲ್ಲಿ ಆ ರೋಗಕ್ಕೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವುದು ಮತ್ತೊಂದಿಲ್ಲ. ಮಳೆಯೊಡನೆ ಹೆಚ್ಚುವ, ರಕ್ತ ಹೀರುವ ದೊಡ್ಡ ನೊಣಗಳು ಸರ್ರಾ ಎಂಬ ಜ್ವರವನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಹರಡುತ್ತವೆ. ಬೂಷ್ಟು ಹಿಡಿದ ಹುಲ್ಲನ್ನು ದನ ಹೇಗೋ ಅರಗಿಸಿಕೊಂಡೀತು. ಕುದುರೆಯ ದೇಹರಚನೆಯಲ್ಲಿ ವಾಂತಿ ಮಾಡುವ ಅನುಕೂಲವೇ ಇಲ್ಲ. ಕೆಟ್ಟುದು ಹೊಟ್ಟೆಗೆ ಹೋದರೆ ಶೂಲೆ ಎದ್ದು, ನೆಲಕ್ಕೆ ಬಿದ್ದು ಹೊರಳಿ, ಒಂದೇ ರಾತ್ರಿಯಲ್ಲಿ ಮುಗಿದುಹೋಗುವುದುಂಟು.

ಎಲ್ಲಕ್ಕಿಂತ ಸೂಕ್ಷ್ಮವಾದುದು ಹಸಿದ ಕುದುರೆಗೆ ಉಣಿಸುವ ಕೆಲಸ. ಮೂಳೆ ಎದ್ದ ಕುದುರೆಯನ್ನು ಕಂಡೊಡನೆ ಕರುಣೆಯುಳ್ಳ ಯಾರಿಗಾದರೂ ಬೇಯಿಸಿದ ಹುರುಳಿಯನ್ನೋ ಬೂಸವನ್ನೋ ಬುಟ್ಟಿ ತುಂಬ ಇಡಬೇಕೆನಿಸುತ್ತದೆ. ಅದೇ ಅದರ ಸಾವಿಗೆ ಕಾರಣವಾಗಬಹುದು. ಬಹುಕಾಲ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಕಾಳುಕಡಿ ಬಿದ್ದರೆ ರಕ್ತದಲ್ಲಿರುವ ರಂಜಕವೇ ಮೊದಲಾದ ಲವಣಾಂಶಗಳು ಹಠಾತ್ತನೆ ಕುಸಿದು, ಉಣ್ಣತೊಡಗಿದ ಮೂರನೆಯ ನಾಲ್ಕನೆಯ ದಿನದಲ್ಲಿ ಹೃದಯ ನಿಲ್ಲುತ್ತದೆ. ಆದುದರಿಂದ ಮೊದಲ ದಿನಗಳಲ್ಲಿ ಕೊಡತಕ್ಕುದು ಕುದುರೆ ಮೆಂತೆಯೆಂದು ನಮ್ಮವರು ಕರೆಯುವ ಲೂಸರ್ನ್ ಸೊಪ್ಪು, ಅದೂ ಸ್ವಲ್ಪಸ್ವಲ್ಪವಾಗಿ, ಹಗಲೂ ರಾತ್ರಿ ಕೆಲವು ಗಂಟೆಗಳಿಗೊಮ್ಮೆ. ಹತ್ತು ದಿನಗಳಲ್ಲಿ ಮೆಲ್ಲಮೆಲ್ಲನೆ ಏರಿಸಬೇಕು. ದೇಹ ಮರಳಿ ತುಂಬಿಕೊಳ್ಳುವುದಕ್ಕೆ ಆರು ತಿಂಗಳಾದರೂ ಹಿಡಿಯುತ್ತದೆ. ಅಂದರೆ ಆಷಾಢದಲ್ಲಿ ಎತ್ತಿತಂದ ಕುದುರೆ ನೆಟ್ಟಗೆ ನಿಲ್ಲುವಾಗ ಸಂಕ್ರಾಂತಿ ಕಳೆದಿರುತ್ತದೆ. ಇಷ್ಟು ದಿನವೂ ರಾತ್ರಿ ಎದ್ದು ಹುಲ್ಲು ಹಾಕುವ ಒಂದು ಕೈ, ಒಣಗಿದ ಒಂದು ಮೂಲೆ, ಬರುತ್ತೇನೆಂದರೆ ಬರುವ ಒಬ್ಬ ಪಶುವೈದ್ಯ, ಇವು ಮೂರೂ ಬೇಕು. ಚಪ್ಪಾಳೆ ತಟ್ಟಿದವರು ಅಷ್ಟರಲ್ಲಿ ಮನೆಗೆ ಹೋಗಿರುತ್ತಾರೆ.

ಘಟ್ಟದಾಚೆಯ ಹುಲ್ಲು

ಮೇಲೆ ಹೇಳಿದ ಸೊಪ್ಪಾಗಲಿ ಒಳ್ಳೆಯ ಒಣಹುಲ್ಲಾಗಲಿ ಮಂಗಳೂರಿನ ಸುತ್ತ ಸಾಕಷ್ಟು ಬೆಳೆಯುವುದಿಲ್ಲ. ಗದ್ದೆಗಳು ಅಡಕೆಯ ತೋಟಗಳಾಗಿ, ತೋಟಗಳು ಮನೆ ಕಟ್ಟುವ ಸೈಟುಗಳಾಗಿ ಮಾರ್ಪಟ್ಟ ಮೇಲೆ ಬೈಹುಲ್ಲೂ ವಿರಳ. ಇದ್ದರೂ ಅದು ದನಕ್ಕೆ ಸರಿ, ಕುದುರೆಗೆ ಸತ್ವ ಸಾಲದು. ಆದುದರಿಂದ ಮೇವು ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿದುಬರಬೇಕು. ಘಟ್ಟದ ದಾರಿಗಳ ಕಥೆಯೇನೆಂಬುದು ನಮಗೆ ಗೊತ್ತೇ ಇದೆ. 2018ರ ಆಗಸ್ಟಿನಲ್ಲಿ ಶಿರಾಡಿ ಘಾಟಿ ಅಲ್ಲಲ್ಲಿ ಕುಸಿದು ಸಂಚಾರ ನಿಂತಿತು. ಸಕಲೇಶಪುರ-ಸುಬ್ರಹ್ಮಣ್ಯ ರೈಲುಹಾದಿಯ ಮೇಲೂ ಗುಡ್ಡ ಬಿತ್ತು. 2019ರಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈಯಲ್ಲಿ ಶಿರಾಡಿಯೂ ಆ ರೈಲುಹಾದಿಯೂ ಮತ್ತೆ ಕೆಟ್ಟವು. ಅದೇ ತಿಂಗಳು ಶಿರೂರಿನಲ್ಲಿ ಉತ್ತರದ ಹೆದ್ದಾರಿಯೂ ಕಡಿಯಿತು.

ಮುನ್ನೂರೈವತ್ತು ಕಿಲೋ ತೂಗುವ ಒಂದು ಕುದುರೆಗೆ ದಿನಕ್ಕೆ ಆರೇಳು ಕಿಲೋ ಒಣಮೇವು ಬೇಕು. ಐದು ಕುದುರೆಗಳಿಗೆ ಒಂದು ತಿಂಗಳಿಗೆ ಸುಮಾರು ಒಂದು ಟನ್ನು. ಇದನ್ನು ಮಳೆಯ ಮುಂಚೆ ಕೊಂಡಿಡುವುದಕ್ಕೆ ಹಣ ಬೇಕು. ಕೊಂಡಮೇಲೆ ನೆಲದಿಂದ ಎತ್ತರದಲ್ಲಿ, ಗಾಳಿಯಾಡುವಂತೆ, ಒಂದು ಹನಿಯೂ ತಾಗದಂತೆ ಇಡುವುದಕ್ಕೆ ಜಾಗ ಬೇಕು. ಕರಾವಳಿಯ ಆರ್ದ್ರತೆಯಲ್ಲಿ ಮನೆಯೊಳಗಿನ ಪುಸ್ತಕದ ರಟ್ಟಿಗೇ ಬೂಷ್ಟು ಬರುತ್ತದೆ, ಹುಲ್ಲಿಗೆ ಬಾರದಿರುವುದೆ? ದಾನಿಗಳು ಔಷಧಕ್ಕೆ ಹಣ ಕೊಟ್ಟಾರು, ಗೋಡೆಯ ಮೇಲೆ ಹೆಸರು ಬರೆಯಿಸುವಂಥ ಕಟ್ಟಡಕ್ಕೂ ಕೊಟ್ಟಾರು. ಹುಲ್ಲಿನ ಅಟ್ಟಕ್ಕೆ ಕೊಡುವವರು ಕಡಮೆ. ಆದರೂ ಮಳೆಗಾಲದಲ್ಲಿ ಒಂದು ಆಶ್ರಯತಾಣ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಆ ಅಟ್ಟದ ಮೇಲೆಯೇ ನಿಂತಿದೆ.

ಲೆಕ್ಕಕ್ಕೆ ಬಾರದ ಜೀವ

ಇಲ್ಲಿ ಸರ್ಕಾರದ ಪಾತ್ರವೇನೆಂಬ ಪ್ರಶ್ನೆ ಏಳುತ್ತದೆ. ವಿಪತ್ತು ಪರಿಹಾರ ನಿಧಿಯ ನಿಯಮಗಳಲ್ಲಿ ಪ್ರಾಣಿಗಳಿಗೆ ಸ್ಥಾನವೇ ಇಲ್ಲವೆಂದರೆ ತಪ್ಪಾದೀತು. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರವು ಗೊತ್ತುಮಾಡಿದ ದರಗಳಂತೆ, ಸತ್ತ ಹಸು ಅಥವಾ ಎಮ್ಮೆಯೊಂದಕ್ಕೆ 37,500 ರೂಪಾಯಿ. ಎಳೆಯುವ ಪ್ರಾಣಿಗಳಾದ ಎತ್ತು, ಒಂಟೆ, ಕುದುರೆಗಳಿಗೆ 32,000. ಕರು, ಕತ್ತೆ, ತಟ್ಟುಗಳಿಗೆ 20,000. ಕುರಿ ಮೇಕೆಗಳಿಗೆ 4,000. ಗೋಶಿಬಿರಗಳಲ್ಲಿ ಮೇವು, ನೀರು, ಔಷಧಗಳಿಗೆಂದು ದೊಡ್ಡ ಪ್ರಾಣಿಗೆ ದಿನಕ್ಕೆ 80 ರೂಪಾಯಿ, ಸಣ್ಣದಕ್ಕೆ 45. ಕುದುರೆಯ ಹೆಸರು ಪಟ್ಟಿಯಲ್ಲಿದೆ ಎಂದು ಸಮಾಧಾನಪಡಬಹುದು. ಆದರೆ ಪಟ್ಟಿಯ ತಲೆಬರಹವನ್ನೂ ಅದರ ಷರತ್ತನ್ನೂ ಓದಬೇಕು. ಈ ನೆರವು ಸಣ್ಣ ಮತ್ತು ಅತಿ ಸಣ್ಣ ರೈತರಿಗೆ. ಆರ್ಥಿಕವಾಗಿ ಉತ್ಪಾದಕವಾದ ಪ್ರಾಣಿಗಳ ನಷ್ಟಕ್ಕೆ ಮಾತ್ರ. ಒಂದು ಕುಟುಂಬಕ್ಕೆ ದೊಡ್ಡವು ಮೂರರ ಮಿತಿಗೆ ಒಳಪಟ್ಟು.

ಆಶ್ರಯತಾಣವು ರೈತನಲ್ಲ, ಕುಟುಂಬವೂ ಅಲ್ಲ. ಅಲ್ಲಿರುವ ಕುದುರೆಯ ಕಾಲು ಮುರಿದಿದೆ, ಕಣ್ಣು ಹೋಗಿದೆ, ಹಲ್ಲು ಸವೆದಿದೆ. ಅದು ಇನ್ನು ಗಾಡಿ ಎಳೆಯಲಾರದು. ಎಳೆಯಲಾರದೆಂಬ ಕಾರಣಕ್ಕೇ ಅದು ಅಲ್ಲಿಗೆ ಬಂದುದು. ಹೀಗಿರಲು, ಎಳೆಯುವ ಪ್ರಾಣಿಗೆ ಕೊಡತಕ್ಕ ಪರಿಹಾರ ಅದಕ್ಕೆ ಸಲ್ಲುವುದಾದರೂ ಹೇಗೆ? ಅದೇ ಕುದುರೆ ಒಂದು ವರ್ಷದ ಹಿಂದೆ ಸಣ್ಣ ರೈತನೊಬ್ಬನ ಗಾಡಿಯ ಮೂಕಿಯಲ್ಲಿದ್ದಾಗ ಪ್ರವಾಹಕ್ಕೆ ಸಿಕ್ಕಿದ್ದರೆ ಅದರ ಬೆಲೆ 32,000. ಆಶ್ರಯಕ್ಕೆ ಬಂದ ಮೇಲೆ ಸಿಕ್ಕಿದರೆ ಸೊನ್ನೆ. ಟಾಂಗಾ ಓಡಿಸುವವನೂ ಕಡಲತೀರದವನೂ ರೈತರಲ್ಲವೆಂದರೆ ಅವರ ದುಡಿಯುವ ಕುದುರೆಗೂ ಸೊನ್ನೆಯೇ. ತಪ್ಪು ಅಧಿಕಾರಿಯದಲ್ಲ; ಪ್ರಾಣಿಯನ್ನು ಸ್ವತ್ತೆಂದು ಮಾತ್ರ ಬಲ್ಲ ದೃಷ್ಟಿಯದು. 2005ರ ವಿಪತ್ತು ನಿರ್ವಹಣಾ ಕಾಯಿದೆಯು ವಿಪತ್ತನ್ನು ವಿವರಿಸುವಾಗ ಪ್ರಾಣಹಾನಿ, ಮಾನವರ ಸಂಕಟ, ಸ್ವತ್ತಿನ ನಾಶ, ಪರಿಸರದ ಹಾನಿ ಎಂದು ಎಣಿಸುತ್ತದೆ. ಸಂಕಟವೆಂಬ ಮಾತು ಅಲ್ಲಿ ಮಾನವನಿಗೇ ಮೀಸಲು. ಇತ್ತ ನಮ್ಮ ಸರ್ವೋಚ್ಚ ನ್ಯಾಯಾಲಯವು 2014ರ ಮೇ 7ರ ತೀರ್ಪಿನಲ್ಲಿ ಹಸಿವು, ಭಯ, ನೋವು ಮೊದಲಾದವುಗಳಿಂದ ಬಿಡುಗಡೆ ಹೊಂದುವುದು ಪ್ರಾಣಿಗಳಿಗೂ ಸಲ್ಲತಕ್ಕುದೆಂದು ಸಾರಿತು. ಒಂದೇ ದೇಶದ ಎರಡು ಪುಸ್ತಕಗಳು ಎರಡು ಬಗೆಯ ಮಾತನ್ನಾಡುತ್ತಿವೆ.

ಇದು ನಮ್ಮಲ್ಲಿ ಮಾತ್ರ ಇರುವ ತೊಡಕಲ್ಲ. 2005ರಲ್ಲಿ ಕತ್ರಿನಾ ಚಂಡಮಾರುತ ಅಮೆರಿಕದ ಲೂಯಿಸಿಯಾನವನ್ನು ಹೊಡೆದಾಗ, ಸಾಕುಪ್ರಾಣಿಗಳನ್ನು ಬಿಟ್ಟುಬರಲೊಲ್ಲದೆ ಮನೆಯಲ್ಲೇ ಉಳಿದವರು ಬಹುಮಂದಿ. ಅದರಿಂದ ಪಾಠ ಕಲಿತು ಮರುವರ್ಷವೇ ಆ ದೇಶವು, ಸ್ಥಳಾಂತರದ ಯೋಜನೆಯಲ್ಲಿ ಮನೆಯ ಸಾಕುಪ್ರಾಣಿಗಳಿಗೂ ಎಡೆಯಿರಬೇಕೆಂದು ಶಾಸನ ಮಾಡಿತು. ಆದರೆ ‘ಮನೆಯ ಸಾಕುಪ್ರಾಣಿ’ ಎಂಬುದರ ವಿವರಣೆಯಿಂದ ಅಲ್ಲಿಯೂ ಕುದುರೆ ಹೊರಗುಳಿಯಿತು. ಹಾಗಿದ್ದೂ ಕತ್ರಿನಾದಲ್ಲಿ ರಕ್ಷಿಸಿದ ನೂರಾರು ಕುದುರೆಗಳಲ್ಲಿ ಬಹುತೇಕ ಎಲ್ಲವೂ ಕೆಲವೇ ವಾರಗಳಲ್ಲಿ ತಂತಮ್ಮ ಒಡೆಯರನ್ನು ಸೇರಿದವು. ಕಾರಣ ಸರಳ: ರೋಗಪರೀಕ್ಷೆಗೆಂದು ಆ ರಾಜ್ಯದಲ್ಲಿ ಪ್ರತಿ ಕುದುರೆಗೂ ಅಳಿಯದ ಗುರುತು ಕಡ್ಡಾಯವಾಗಿತ್ತು. ನಮ್ಮಲ್ಲಿ ಹಸು ಎಮ್ಮೆಗಳ ಕಿವಿಗೆ ಹನ್ನೆರಡು ಅಂಕಿಯ ಬಿಲ್ಲೆ ಬಂದಿದೆ. ಶಕ್ತಿನಗರದ ಮಾಡಿನ ಕೆಳಗೆ ನಿಂತಿದ್ದ ಕುದುರೆಯ ಮೈಮೇಲೆ ಅದು ಯಾರದೆಂದು ಹೇಳುವ ಒಂದು ಗೆರೆಯೂ ಇರಲಿಲ್ಲ.

ಆಕ್ಷೇಪಣೆಗಳು

“ಮನುಷ್ಯರೇ ಗುಡ್ಡದಡಿಯಲ್ಲಿ ಸಾಯುತ್ತಿರುವಾಗ ಕುದುರೆಯ ಮಾತೇಕೆ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು, ಅದನ್ನು ಕೇಳುವವರು ನಿರ್ದಯರೆಂದು ತಳ್ಳಿಹಾಕಬಾರದು. ಮಗುವೊಂದು, ಕುದುರೆಯೊಂದು ನೀರಿನಲ್ಲಿದ್ದರೆ ಮೊದಲು ಕೈಚಾಚಬೇಕಾದುದು ಮಗುವಿಗೇ; ಈ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ದಿಟವಾದ ಪ್ರಸಂಗಗಳು ಅಪರೂಪವಾಗಿ ಹಾಗೆ ಬರುತ್ತವೆ. ಬಹುತೇಕ ಎರಡೂ ಜೀವಗಳು ಒಂದೇ ಹಗ್ಗದಲ್ಲಿ ಕಟ್ಟಲ್ಪಟ್ಟಿರುತ್ತವೆ. ಉತ್ತರ ಕರ್ನಾಟಕದಲ್ಲಿ ಕುರಿಮಂದೆಯೊಡನೆ ಊರೂರು ತಿರುಗುವ ಕುರುಬರ ಸಂಸಾರವೆಲ್ಲ ಕುದುರೆಯ ಬೆನ್ನ ಮೇಲಿರುತ್ತದೆ. ಹೊಳೆ ಉಕ್ಕಿ ಬಂದಾಗ ಅವರು ಕುದುರೆಯನ್ನು ಬಿಟ್ಟು ಪರಿಹಾರ ಕೇಂದ್ರಕ್ಕೆ ಬಂದಾರೆ? ಹಟ್ಟಿಯಲ್ಲಿ ಕಟ್ಟಿದ ದನವನ್ನು ಬಿಚ್ಚಲೆಂದು ಮರಳಿ ಹೋಗಿ ಅಪಾಯಕ್ಕೊಡ್ಡಿಕೊಳ್ಳುವವರು ನಮ್ಮ ಹಳ್ಳಿಗಳಲ್ಲಿ ಇಲ್ಲವೆ? ಪ್ರಾಣಿಗೆ ದಾರಿ ತೋರಿಸುವ ಯೋಜನೆ ಮನುಷ್ಯನನ್ನೂ ಬೇಗ ಹೊರತರುವ ಯೋಜನೆಯಾಗಿರುತ್ತದೆ.

ಇನ್ನೊಂದು ಆಕ್ಷೇಪಣೆ ಆಶ್ರಯತಾಣಗಳನ್ನು ಕುರಿತದ್ದು. ಅದನ್ನು ಅವುಗಳ ಹಿತೈಷಿಗಳೇ ಹೇಳಬೇಕು. ಕರುಣೆಗೆ ಲೆಕ್ಕವಿಲ್ಲವೆಂಬುದು ಕೇಳುವುದಕ್ಕೆ ಚೆಂದ, ನಡೆಸುವುದಕ್ಕೆ ಅಪಾಯ. ಐದು ಕುದುರೆಗೆ ಹುಲ್ಲಿರುವಲ್ಲಿ ಹನ್ನೆರಡನ್ನು ಸೇರಿಸಿಕೊಂಡರೆ ಹನ್ನೆರಡೂ ಹಸಿಯುತ್ತವೆ. ಒಣನೆಲ ಮೂರಕ್ಕೆ ಮಾತ್ರ ಸಾಲುವಾಗ ಎಂಟನ್ನು ಕಟ್ಟಿದರೆ ಎಂಟರ ಗೊರಸೂ ಕೊಳೆಯುತ್ತವೆ. ರೋಗಿಯನ್ನು ಪ್ರತ್ಯೇಕವಿಡಲು ಸ್ಥಳವಿಲ್ಲದೆ ಹೊಸತನ್ನು ಒಳಗೆ ಬಿಟ್ಟರೆ ಹಳತಕ್ಕೂ ರೋಗ ತಗಲುತ್ತದೆ. ಬೇಡವೆನ್ನುವುದು ರಕ್ಷಕನಿಗೆ ಅತ್ಯಂತ ಕಠಿಣವಾದ ಮಾತು. ಕೆಲವೊಮ್ಮೆ ಅದೇ ಅತ್ಯಂತ ದಯೆಯ ಮಾತೂ ಆಗಿರುತ್ತದೆ. ವಾಸಿಯಾಗದ ನೋವಿನಲ್ಲಿರುವ ಪ್ರಾಣಿಯನ್ನು ವೈದ್ಯನ ಕೈಯಿಂದ ಶಾಂತವಾಗಿ ಬೀಳ್ಕೊಡುವುದೂ ಆ ಕಠಿಣ ಕರ್ತವ್ಯಗಳಲ್ಲಿ ಒಂದು.

ಆಗಬೇಕಾದುದೇನು?

ದೊಡ್ಡ ಯೋಜನೆಗಳ ಅಗತ್ಯವಿಲ್ಲ. ಇರುವ ವ್ಯವಸ್ಥೆಯಲ್ಲಿಯೇ ನಾಲ್ಕು ಸಾಲು ಸೇರಿಸಿದರೆ ಸಾಕು. ಜಿಲ್ಲೆಯ ವಿಪತ್ತು ನಿರ್ವಹಣಾ ಯೋಜನೆಯಲ್ಲಿ ಪ್ರಾಣಿಗಳ ಆಶ್ರಯತಾಣಗಳನ್ನು ಹೆಸರಿಸಿ, ಅಲ್ಲಿರುವ ಜೀವಗಳ ಸಂಖ್ಯೆಯನ್ನು ಪ್ರತಿ ಏಪ್ರಿಲಿನಲ್ಲಿ ಬರೆದುಕೊಳ್ಳಬೇಕು. ಗೋಶಿಬಿರಕ್ಕೆ ಕೊಡುವ ದಿನದ ಮೇವಿನ ನೆರವನ್ನು ವಿಪತ್ತಿನ ಕಾಲದಲ್ಲಿ ನೋಂದಾಯಿತ ಆಶ್ರಯತಾಣಗಳಿಗೂ ವಿಸ್ತರಿಸಬೇಕು. ಮೇವು ಘಟ್ಟದಿಂದ ಇಳಿಯುವುದು ಮಳೆಯ ಮೊದಲೇ ಆಗಬೇಕು. ಬಾಡಿಗೆಗೆ ಓಡುವ ಪ್ರತಿ ಕುದುರೆಗೂ ಗುರುತಿನ ಸಂಖ್ಯೆ ಕಡ್ಡಾಯವಾಗಬೇಕು. ಹಾಗಾದರೆ ಕೈಬಿಟ್ಟವನನ್ನು ಹುಡುಕಬಹುದು. ಅದಕ್ಕಿಂತ ಮುಖ್ಯವಾಗಿ, ಮಳೆಯ ಮೂರು ತಿಂಗಳು ಹುಲ್ಲಿಗೆ ಗತಿಯಿಲ್ಲದವನಿಗೆ ಕೈಬಿಡುವ ಮೊದಲೇ ನೆರವು ನೀಡಬಹುದು. ಪೊಲೀಸರು ವಶಪಡಿಸಿಕೊಂಡ ಪ್ರಾಣಿಗಳ ಪೋಷಣೆಯ ವೆಚ್ಚವನ್ನು ಒಡೆಯನಿಂದ ವಸೂಲು ಮಾಡುವುದಕ್ಕೆ 2017ರ ನಿಯಮಗಳು ಈಗಾಗಲೇ ದಾರಿ ಮಾಡಿವೆ. ಆ ದಾರಿಯಲ್ಲಿ ನಡೆಯುವುದಷ್ಟೇ ಉಳಿದಿದೆ. ಕುದುರೆಯ ಚಿಕಿತ್ಸೆ ಬಲ್ಲ ಪಶುವೈದ್ಯರ ಹೆಸರು ಪ್ರತಿ ತಾಲೂಕಿನ ಕಚೇರಿಯ ಗೋಡೆಯ ಮೇಲಿರಲಿ.

ಇವೆಲ್ಲ ಆದ ಮೇಲೂ ಮಳೆ ನಿಲ್ಲುವುದಿಲ್ಲ, ಗುಡ್ಡ ಜರಿಯುವುದು ತಪ್ಪುವುದಿಲ್ಲ, ಎಲ್ಲ ಕುದುರೆಗಳೂ ಉಳಿಯುವುದಿಲ್ಲ. ಆದರೆ ಒಂದು ಆಟಿಯ ಸಂಜೆ ಯಾರಾದರೂ ಮಾಡಿನ ಕೆಳಗೆ ನಿಂತ ಕುದುರೆಯನ್ನು ಕಂಡು ಒಂದು ಕಚೇರಿಗೆ ಫೋನು ಮಾಡಿದರೆ, ಅತ್ತಲಿನವರು ಪುಸ್ತಕ ತೆರೆದು, ಅದರಲ್ಲಿ ಕುದುರೆಗೊಂದು ಹಾಳೆಯಿರುವುದನ್ನು ಕಂಡು, “ಎಲ್ಲಿ ನಿಂತಿದೆ? ಕಾಲು ಊರುತ್ತದೆಯೆ?” ಎಂದು ಕೇಳುವಂತಾದೀತು. ಕಳೆಂಜನ ಹರಕೆಯನ್ನು ಕಚೇರಿಯ ಭಾಷೆಗೆ ತರುವುದೆಂದರೆ ಬಹುಶಃ ಇಷ್ಟೇ. ಈ ವರ್ಷದ ಮಳೆಗಾಲಕ್ಕೆ ಮೊದಲೇ ನಮ್ಮ ಜಿಲ್ಲೆಯವರು ಆ ಹಾಳೆಯನ್ನು ಬರೆದಿಡಲಿ.